ತಂಗಿಯ ಹೆಸರು

ಸ್ವೀಡನ್ನಿನ ವೆಸ್ಟೆರಾಸ್‌ ಊರಿನ ಗ್ರಂಥಾಲಯದಲ್ಲಿ, ಹಿರೋಶಿಮಾದ ಅಣುಬಾಂಬಿನಿಂದ ಬದುಕುಳಿದ ಅಜ್ಜಿಯೊಬ್ಬರು ನಿಂತೇ ಮಾತಾಡುತ್ತಿದ್ದರು. ಅವರ ಜಪಾನಿಯನ್ನು ದುಭಾಷಿ ಸ್ವೀಡಿಷ್‌ಗೆ ತರುತ್ತಿದ್ದರು. ಅದನ್ನು ನನ್ನ ಅಣ್ಣನ ಮಗಳು ಸುಮಾ ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದಳು. ಹೀಗಾಗಿ ಇಡೀ ಸಭೆ ಬೆಚ್ಚಿ ಸುಧಾರಿಸಿಕೊಂಡ ಮೇಲೆ, ಸರ್ಕಾರಿ ಆದೇಶ ಈಗಷ್ಟೇ ತಲುಪಿದವನಂತೆ, ನಾನೊಬ್ಬನೇ ಘನಗಂಭೀರವಾಗಿ ಬೆಚ್ಚುತ್ತಿದ್ದೆ.

ಒಮ್ಮೆ ಸುಮಾ ತಟಕ್ಕನೆ ನಿಲ್ಲಿಸಿದಳು.

“ಏನಂದ್ರು?”

“ತಡೀರಿ ಚಿಕ್ಕಪ್ಪ... ಮೈ ಸುಟ್ಟ ತಂಗಿ ನೀರು ಕೇಳಿದ್ಳಂತೆ. ಕುಡಿದ್ರೆ ಸಾಯ್ತಾಳೆ ಅಂತ ದೊಡ್ಡೋರು ಅಂದ್ರಂತೆ. ಇವ್ರು ಕೊಡ್ಲಿಲ್ವಂತೆ. ಆದ್ರೂ ಸತ್ತೋದ್ಳಂತೆ. ಆ ಬಾಂಬು ಯಾರ ಹತ್ರಾನೂ ಇರ್ಬಾರ್ದು ಅಂತ ಈ ವಯಸ್ಸಲ್ಲೂ ದೇಶದೇಶ ಸುತ್ತಿ ಹೇಳ್ತಿದಾರೆ.”

ಮುಂದಿನ ಸಾಲಿನ ಹೆಂಗಸೊಬ್ಬರು ತಂಗಿಯ ಹೆಸರು ಕೇಳಿದರು.

“ಯೋಶಿಕೊ,” ಎಂದರು ಅಜ್ಜಿ.

ದುಭಾಷಿ ಬಾಯಿ ತೆರೆಯಲಿಲ್ಲ. ಸುಮಾಳೂ ತೆರೆಯಲಿಲ್ಲ. ಅಷ್ಟೊಂದು ಜನರೊಂದಿಗೆ, ಅದೇ ಗಳಿಗೆಯಲ್ಲಿ, ನನಗೂ ಕೇಳಿಸಿತು.