ಟವೆಲ್ಲಿನ ಕೆಳಗೆ ಮುಂಬಯಿ

ನಮ್ಮ ಕಾಕಾ ಹುಬ್ಬಳ್ಳಿಯಲ್ಲಿ ಹತ್ತಿ ದಲಾಲರು. ತೊಂಬತ್ತರ ದಶಕದ ಬೇಸಿಗೆ ರಜೆಗಳಲ್ಲಿ, ವಿದ್ಯಾನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು, ಅಣ್ಣ ಊರು ಕೊಳ್ಳುವ, ಮಾರುವ ಬಿಜಿನೆಸ್ ಆಟ ಹರವಿದರೆ ಸಾಕು, ಮಧ್ಯಾಹ್ನದ ನಿದ್ದೆ ಬಿಟ್ಟು ಬಂದು ಕೂರುತ್ತಿದ್ದರು. ಪೆಟ್ಟಿಗೆಯೊಳಗಿನ ನಿಯಮಗಳನ್ನು ಅವರು ಓದಿದವರೇ ಅಲ್ಲ. ಒಬ್ಬರ ಊರು ಇನ್ನೊಬ್ಬರಿಗೆ ಮಾರುವುದಾದರೆ ಪೇಟೆಯಲ್ಲಿ ಮಾಡಿದಂತೆ ಟವೆಲ್ಲಿನ ಕೆಳಗೆ ಎದುರಿನವರ ಬೆರಳು ಹಿಡಿದೇ ದರ ಹೇಳಬೇಕು, ಮೂರನೆಯವರಿಗೆ ಗೊತ್ತಾಗಬಾರದು. ಇದು ಅವರ ಕಾಯ್ದೆ.

ನನಗೆ ಮಾತ್ರ ಟವೆಲ್ ಇಲ್ಲ. "ಹೆಣ್ಣಮಕ್ಕಳು ಟವೆಲ್ ಕೆಳಗ ಕೈ ಹಾಕೂದಿಲ್ಲವಾ. ನೀ ಬಾಯಿಲೇ ಹೇಳು," ಎನ್ನುತ್ತಿದ್ದರು.

ಬಾಯಲ್ಲಿ ಹೇಳಿದರೆ ಆಗುವುದೇನು? ಕಾಕಾರ ಕೈಯಲ್ಲಿದ್ದ ಮುಂಬಯಿಗೆ ನಾನು ಆಸೆಪಟ್ಟು ಒಂದು ದರ ಕೂಗುವುದು, ಅಣ್ಣ ಅದರ ಮೇಲೊಂದು ನೂರು ಸೇರಿಸಿ ಟವೆಲ್ಲಿನೊಳಗೇ ಊರು ಹೊಡೆದುಕೊಳ್ಳುವುದು. ನಾನು ಬಯಸಿದ್ದನ್ನು ಕಸಿಯುವುದೇ ಅವನ ಆಟ. ನನಗೂ ಟವೆಲ್ ಬೇಕೆಂದು ನಾನು ಅಳುತ್ತ ಕೂರುತ್ತಿದ್ದೆ.

"ಒಂದ ಆಟಕ್ಕ ಎರಡು ಕಾಯ್ದೆ ಎಲ್ಲೀದಪ್ಪಾ?" ಎಂದು ಅವ್ವ ಅಡುಗೆಮನೆಯಿಂದಲೇ ಕೇಳಿದಳು.

"ಪ್ಯಾಟಿ ಪದ್ಧತಿ ರೀ ವೈನಿ," ಎಂದರು ಕಾಕಾ, ಪೇಟೆಯನ್ನು ತಾವೇ ಕಟ್ಟಿಸಿದವರ ಠೀವಿಯಲ್ಲಿ.

ಒಂದು ಮಧ್ಯಾಹ್ನ ಅಳುವುದು ಬಿಟ್ಟು ಯೋಚನೆ ಮಾಡಿದೆ. ನನ್ನ ದರ ಎಲ್ಲರಿಗೂ ಕೇಳಿಸುತ್ತದಲ್ಲವೇ, ಕೇಳಿಸಲಿ. ಆ ಹೊತ್ತಿಗೆ ಕಾಕಾರ ಹತ್ತಿರ ಮುಂಬಯಿಯ ಜೊತೆಗೆ ದಾರ್ಜಿಲಿಂಗೂ ಇತ್ತು. ಬಾಡಿಗೆ ಹುಟ್ಟದ ಅಗ್ಗದ ಊರು.

"ಕಾಕಾ, ನಂಗ ದಾರ್ಜಿಲಿಂಗ್ ಬೇಕಂದ್ರ ಬೇಕು. ಎರಡು ಸಾವಿರ!"

ಅಣ್ಣನ ಕೈ ಟವೆಲ್ಲಿನೊಳಗೆ ಹೋಯಿತು.

"ನಾಕು ಸಾವಿರ!" ಎಂದೆ, ಗಂಟಲು ನಡುಗಿಸಿ. ಅವನ ಕೈ ಮತ್ತೆ ಒಳಗೆ. ಕಾಕಾರ ಮೀಸೆ ಕುಣಿಯತೊಡಗಿತು. ಐದು ಸಾವಿರ ಎನ್ನುವಾಗ ಕಣ್ಣಲ್ಲಿ ನೀರನ್ನೂ ತಂದುಕೊಂಡೆ. ಅಣ್ಣ ಇದ್ದುದನ್ನೆಲ್ಲ ಸುರಿದು ದಾರ್ಜಿಲಿಂಗ್ ಗೆದ್ದು, ನನ್ನತ್ತ ಹಲ್ಲು ಕಿರಿದ.

ಕಣ್ಣೊರೆಸಿಕೊಂಡು, "ಈಗ ಮುಂಬಯಿ," ಎಂದು ಸಾಧಾರಣ ದರವೊಂದನ್ನು ಹೇಳಿದೆ. ಅಣ್ಣನ ಕೈ ಟವೆಲ್ಲಿನ ಅಂಚಿನವರೆಗೆ ಬಂದು ನಿಂತಿತು. ಕೊಡಲು ಅವನ ಹತ್ತಿರ ರೊಕ್ಕವೇ ಇರಲಿಲ್ಲ. ಗಿರಾಕಿ ಎದುರಿಗಿದ್ದಾಗ ಮಾಲು ಹಿಡಿದು ಕೂರುವುದು ಕಾಕಾರ ಜಾಯಮಾನವಲ್ಲ, ಮುಂಬಯಿ ನನ್ನದಾಯಿತು. ಸ್ವಲ್ಪ ಹೊತ್ತಿಗೆ ಅಣ್ಣನ ಕಾಯಿ ಮುಂಬಯಿಗೇ ಬಂದು ಕೂತಿತು. ದಾರ್ಜಿಲಿಂಗ್ ಒತ್ತೆಯಿಟ್ಟರೂ ನನಗೆ ಕೊಡಬೇಕಾದ ಬಾಡಿಗೆಗೆ ರೊಕ್ಕ ಸಾಲಲಿಲ್ಲ.

"ಕಾಕಾ, ಇಕಿಗೂ ಟವೆಲ್ ಕೊಡ್ರಿ! ಇಕಿ ಬಾಯಿ ಮೊದಲ ಬಂದ್ ಮಾಡಸ್ರಿ!" ಎಂದು ಚೀರಿದ.

ಕಾಕಾ ನಗುತ್ತ ಟವೆಲ್ಲಿನ ತುದಿಯನ್ನು ನನ್ನ ಕಡೆ ಎತ್ತಿ ಹಿಡಿದರು. ಅಷ್ಟು ದಿನ ಅದಕ್ಕಾಗಿಯೇ ಅತ್ತಿದ್ದವಳು ನಾನು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ಒಲ್ಲೆರಿ ಕಾಕಾ. ನಂಗ ಬಾಯೇ ಛಲೋ."