ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ತನಾಲ್ಕು

ಹೆಣ್ಣುಮಕ್ಕಳಿಗೆ ಗಣಿತ ಒಗ್ಗದೆಂದು ಸುರಪುರ ಸೀಮೆ ನಂಬಿದ್ದ ಕಾಲದಿಂದ ಮೂವತ್ತೊಂದು ವರ್ಷ ಅದನ್ನೇ ಕಲಿಸುತ್ತ ಬಂದು, ಬಡ್ಡಿದರಗಳ ಗಣಿತವನ್ನು ಕನ್ನಡದಲ್ಲಿ ತಿಳಿಹೇಳಬಲ್ಲ ಕೆಲವೇ ಅಧ್ಯಾಪಕರಲ್ಲಿ ಒಬ್ಬರೆನಿಸಿದ ಶ್ರೀಮತಿ ಮರಿಲಿಂಗಮ್ಮನವರು ಈ ತಿಂಗಳು ಸೇವಾನಿವೃತ್ತರಾಗುತ್ತಿದ್ದಾರೆ. ಅವರ ಪದವಿ ತರಗತಿಯಲ್ಲಿ ಕುಳಿತಿದ್ದ ದೇವಾಪುರದ ಮೋನಮ್ಮ ನಾನು.

ನನ್ನನ್ನು ಹಣಕಾಸು ಗಣಿತದ ಸ್ನಾತಕೋತ್ತರ ಓದಿಗೆ ಕಳಿಸಿದವರು ಅವರೇ. ಭತ್ತದ ನಾಟಿಗೆ ಹೊರಟಿದ್ದ ಅವ್ವನ ಜೊತೆ ಕಾಲುವೆ ದಂಡೆಗುಂಟ ನಡೆಯುತ್ತಲೇ ಆಕೆಯನ್ನು ಒಪ್ಪಿಸಿದರು. ಅಪ್ಪ ಮಾತ್ರ, “ಎರಡು ವರ್ಸ ಕೊಟ್ಟೀನ್ರಿ ಮೇಡಂ. ಮುಂದ ಒಂದ್ ದಿನಾನೂ ಇಲ್ಲ, ಲಗ್ನಾನೇ” ಎಂದ. ಆ ಎರಡು ವರ್ಷ ನಾನು ಹೆದರಿಕೆಯಲ್ಲೇ ಓದಿದೆ. ಹಾಸ್ಟೆಲಿಗೆ ಫೋನು ಬಂದರೆ ಊರಿಗೆ ಕರೆಯಲೆಂದೇ ಬಂದಿದೆ ಎನಿಸುತ್ತಿತ್ತು.

ಹೊರದೇಶಗಳ ಬಡ್ಡಿದರ ಏರಿಳಿದರೆ ನಮ್ಮ ಕಾಲುವೆ ಸೀಮೆಯ ಸಾಲದ ದರವೂ ಅಲುಗುತ್ತದೆಯೇ ಎಂಬುದು ನನ್ನ ಪ್ರಬಂಧದ ವಿಷಯ. ರೈತರ ಫಸಲು ಮಾರಿಸಿ ಸಾಲವನ್ನೂ ಕೊಡುವ ಶಹಾಪುರದ ಅಡತಿ ಅಂಗಡಿಗಳಲ್ಲಿ ವಿಚಾರಿಸಿ, ಅಮೆರಿಕದ ಶೇಕಡಾ ಐದೂಕಾಲರ ಪಕ್ಕದಲ್ಲಿ ನಮ್ಮವರ ಶೇಕಡಾ ಎರಡನ್ನು ಬರೆದೆ. ನಮ್ಮಲ್ಲೇ ಸಾಲ ಅಗ್ಗವೆಂಬ ತೀರ್ಮಾನ ಬಂತು. ದೊಡ್ಡ ಶಹರದಲ್ಲಿ ಹುಟ್ಟಿದ ನನ್ನ ಮಾರ್ಗದರ್ಶಕರು ಅದನ್ನು ಹೊಸ ಶೋಧವೆಂದು ಮೆಚ್ಚಿಯೂ ಬಿಟ್ಟರು.

ಪ್ರಬಂಧ ಒಪ್ಪಿಸಲು ನಾಲ್ಕು ದಿನವಿದ್ದಾಗ ಸುರಪುರಕ್ಕೆ ಹೋಗಿ ಮೇಡಂ ಅವರಿಗೆ ತೋರಿಸಿದೆ. ಓದುತ್ತಿದ್ದವರು ತಲೆಯೆತ್ತಿದರು.

“ಈ ಎರಡು ಅನ್ನೋದು ವರ್ಸದ್ದೋ, ತಿಂಗಳಿಂದೋ?”

“ನೂರಕ್ಕ ಎರಡು ಅಂದ್ರ ತಿಂಗಳಿಂದೇ ಅಲ್ಲೇನ್ರಿ...” ಎನ್ನುವಾಗಲೇ ತಪ್ಪು ಹೊಳೆಯಿತು. ನಮ್ಮ ಕಡೆ ಬಡ್ಡಿ ಹೇಳುವಾಗ ಯಾರೂ ತಿಂಗಳಿನ ಹೆಸರೆತ್ತುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದನ್ನು ಕೇಳಿದಂತೆಯೇ ವರ್ಷದ ದರಗಳ ಸಾಲಿಗೆ ಸೇರಿಸಿದ್ದೆ.

“ಹಂಗಾದ್ರ ಅಮೆರಿಕಾದವ್ರು ಸಾಲಕ್ಕ ಶಹಾಪುರಕ್ಕ ಬರಬೇಕು ನೋಡವ್ವ!” ಎಂದರು ಮೇಡಂ.

ನನಗೆ ನಗು ಬರಲಿಲ್ಲ. ತಿದ್ದಿದರೆ ಆ ಶೋಧವೇ ಬಿದ್ದುಹೋಗುತ್ತದೆ. ತಡವಾದರೆ ಅಪ್ಪ ಇನ್ನೊಂದು ವರ್ಷ ಕೊಡುವುದಿಲ್ಲ. “ಹಿಂಗೇ ಕೊಟ್ಟುಬಿಡ್ತೀನ್ರಿ. ಯಾರ್ ನೋಡ್ತಾರ?” ಎಂದು ಅತ್ತೆ.

ಅವರು ಬೈಯಲಿಲ್ಲ. “ನೌಕರಿ ಸೇರಿದ ವರ್ಸ ನಾನೂ ಒಂದು ಲೆಕ್ಕ ತಪ್ಪು ಕಲಿಸಿದ್ದೆ. ಗೊತ್ತಾದ ಮ್ಯಾಲೂ, ಹೆಣಮಗಳು ಅಂತ ನಗ್ತಾರಂತ ಹೆದರಿ ಸುಮ್ನಾದೆ. ಹನ್ನೊಂದು ಮಂದಿ ಪರೀಕ್ಷಾದಾಗ ಅದನ್ನೇ ಬರದ್ರು. ಅವರ ಹೆಸರು ಈಗೂ ಬಾಯಿಪಾಠ ಅದಾವ ನನಗ” ಎಂದರು. ಅವರ ಅನುಮತಿ ಪಡೆದೇ ಇದನ್ನಿಲ್ಲಿ ಬರೆದಿದ್ದೇನೆ.

ಮೂರು ದಿನ ರಜೆ ಹಾಕಿ ನನ್ನ ಜೊತೆ ಕುಳಿತರು. ಎರಡನ್ನು ವರ್ಷಕ್ಕೆ ಇಪ್ಪತ್ತನಾಲ್ಕೆಂದು ತಿದ್ದಿ, ಎಲ್ಲ ಕೋಷ್ಟಕಗಳನ್ನು ಹೊಸದಾಗಿ ಮಾಡಿದೆವು. ನನ್ನ ತಪ್ಪನ್ನು ನಾನೇ ಒಪ್ಪಿಕೊಂಡ ಪುಟವೊಂದನ್ನೂ ಸೇರಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ತೆರೆದದ್ದು ಆ ಪುಟವನ್ನೇ. ಬಹಳ ಹೊತ್ತು ಓದಿ, “ನೀವು ಬರೆಯದೇ ಹೋಗಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ” ಎಂದು ಸಹಿ ಹಾಕಿದರು. ನಾನು ಪಾಸಾದೆ. ಆದರೆ ಆ ಮಾತು ನನ್ನನ್ನು ಇನ್ನಷ್ಟು ಹೆದರಿಸಿತು: ಎಷ್ಟು ಸುಲಭವಾಗಿ ನನ್ನ ಸುಳ್ಳು ನಿಜವಾಗಿ ಉಳಿದುಬಿಡುತ್ತಿತ್ತು!

ಈಗ ನಾನೂ ಕಲಿಸುತ್ತೇನೆ, ಎಲ್ಲಿ ತಪ್ಪಾದೀತೋ ಎಂದು ಈಗಲೂ ಹೆದರುತ್ತೇನೆ. ಮೇಡಂ ಅವರ ನಿವೃತ್ತಿಯ ಸುದ್ದಿ ಕೇಳಿ ಫೋನಿನಲ್ಲಿ ಅದನ್ನೇ ಹೇಳಿಕೊಂಡೆ. “ಹೆದರಿಕಿ ಇರ್ಲಿ ಬಿಡು, ನೀ ಬರದದ್ದು ಕಳಸು, ಓದ್ತೀನಿ” ಎಂದರು. ಅವರ ಕಣ್ಣು ಚೆನ್ನಾಗಿರಲಿ, ಆಯುಷ್ಯ ದೊಡ್ಡದಾಗಲಿ. ನಾನು ಕಳಿಸುವುದು ಇನ್ನೂ ಬಹಳವಿದೆ.