ಮಗ್ಗದವರು ಮಾಡಿದ ಸಾಗು

ಕೊಳ್ಳೇಗಾಲದ ನಮ್ಮ ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ನೇಯುವವರೊಬ್ಬರಿದ್ದರು. ವಯಸ್ಸು ಅರವತ್ತು ದಾಟಿದ್ದರೂ ಒಮ್ಮೆಯೂ ಒಲೆ ಹಚ್ಚಿದವರಲ್ಲ. ಹೆಂಡತಿಗೆ ದೊಡ್ಡ ಕಾಯಿಲೆ ಬಂದು, ಚಿಕಿತ್ಸೆ ಮುಗಿಯುವಷ್ಟರಲ್ಲಿ ಆಕೆಯ ನಾಲಿಗೆಗೆ ರುಚಿಯೇ ತಿಳಿಯದಂತಾಗಿತ್ತು. ಹಾಲು, ಮೊಸರು, ತುಪ್ಪದ ವಾಸನೆ ಬಂದರೆ ವಾಂತಿ. ಆಗ ಅವರು ನಮ್ಮ ಬಾಗಿಲಿಗೆ ಬಂದು, "ತುಪ್ಪ ಇಲ್ದೆ ತರಕಾರಿ ಸಾಗು ಮಾಡದು ಎಂಗೆ, ಒಸಿ ಏಳ್ಕೊಡವ್ವ" ಎಂದರು.

ಬೀನ್ಸು, ಕ್ಯಾರೆಟ್ಟು, ಆಲೂಗಡ್ಡೆ ಎಲ್ಲವನ್ನೂ ಒಂದೇ ಅಳತೆಗೆ ಹೆಚ್ಚುತ್ತಿದ್ದರು. ರುಬ್ಬಿದ ತೆಂಗಿನಕಾಯಿ, ಗಸಗಸೆಯ ಮಸಾಲೆಯನ್ನು ನೂಲು ಪರೀಕ್ಷಿಸುವವರಂತೆ ಬೆರಳ ತುದಿಯಲ್ಲಿ ಉಜ್ಜಿ ನೋಡುತ್ತಿದ್ದರು. ಸಾಕು, ಇಳಿಸಿ ಎಂದು ನಾನು ಹೇಳಿದರೆ, "ತಡಿಯವ್ವ, ಇನ್ನೊಂದ್ ಕುದಿ ಬರ್ಲಿ" ಎನ್ನುವರು. ಆಕೆ ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಿದ್ದರು.

"ಎಂಗದೆ?"

"ಮಣ್ಣು ತಿಂದಂಗದೆ."

ಅವರು ತಟ್ಟೆ ಎತ್ತುತ್ತಿದ್ದರು. ಮಾರನೆಯ ಬೆಳಿಗ್ಗೆ ಮತ್ತೆ ಕಾಯಿ ತುರಿಯಲು ಕೂರುತ್ತಿದ್ದರು. ಹೀಗೆ ಎರಡು ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಕೈಯಲ್ಲಿ ಸೌಟು ಹಿಡಿದೇ ಬೀದಿಗೆ ಬಂದರು. ಏನಾಯಿತೋ ಎಂದು ನಾನು ಗಾಬರಿಯಿಂದ ಓಡಿದೆ. ಅವರ ಕಣ್ಣು ತುಂಬಿತ್ತು.

"ಉಪ್ಪು ಕಮ್ಮಿ ಅಂದ್ಲು ಕಣವ್ವ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಹಜಾರದಿಂದ ಆಕೆಯ ದನಿ ಕೇಳಿಸಿತು. "ಬೀದೀಲಿ ಏನ್ ನಿಂತ್ಕಂಡ್ರಿ? ಉಪ್ಪು ತಕಂಡ್ ಬನ್ನಿ. ಇನ್ನೊಂದ್ ಸೌಟು ಸಾಗು ಆಕಿ."

ತಿಂಗಳುಗಳಿಂದ ಪಿಸುಗುಟ್ಟುತ್ತಿದ್ದ ಹೆಂಗಸು ಹಾಗೆ ಗದರಿದ್ದನ್ನು ಬೀದಿಯೆಲ್ಲ ಕೇಳಿಸಿಕೊಂಡಿತು. ಅವರು ಮಗುವಿನಂತೆ ನಗುತ್ತಾ ಒಳಗೆ ಓಡಿದರು.